ಹುರುಳಿ ಬಳ್ಳಿಯ ಮೇಲೆ ನಿಂತ ಕಾರು

ನನ್ನ ಹೆಂಡತಿಗೆ ಉಬ್ಬಸ. ಬೇಲೂರಿನ ಬಸ್ ನಿಲ್ದಾಣದಲ್ಲಿ ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಸಾಕು, ಎದೆ ಸಿಳ್ಳೆ ಹಾಕಲು ಶುರು. ಎರಡು ಸಾವಿರನೇ ಇಸವಿಯ ಆಚೀಚೆ, ಹೊಗೆ ಕಡಿಮೆ ಉಗುಳುವ ಕಾರುಗಳು ನಮ್ಮ ಕಡೆಗೂ ಬಂದಾಗ ಒಂದನ್ನು ಕೊಂಡೆ. ಅವಳಿಗೋಸ್ಕರ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ, ಕೊಚ್ಚಿಕೊಳ್ಳಲು ನನಗೊಂದು ವಿಷಯ ಸಿಕ್ಕಿತ್ತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು. ಕೇಳಲು ಯಾರೂ ಸಿಗದಿದ್ದರೆ ಗೋಡೆಗಾದರೂ ಪಾಠ ಮಾಡುವ ಜಾತಿ. ಹಳೇ ಕಾರಿನ ಕಾರ್ಬ್ಯುರೇಟರ್ ಕಣ್ಣಂದಾಜಿನಲ್ಲಿ ಪೆಟ್ರೋಲ್ ಬಿಡುತ್ತದೆ, ಇದರಲ್ಲಿ ಕಂಪ್ಯೂಟರ್ ಅಳೆದು ಚಿಮುಕಿಸುತ್ತದೆ. ಹೊಗೆ ಕೊಳವೆಯೊಳಗಿನ ಸೆನ್ಸರ್ ಆಮ್ಲಜನಕ ಎಷ್ಟು ಉಳಿಯಿತು ಎಂದು ನೋಡಿ, ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿಸುತ್ತದೆ. ಅಷ್ಟಾಗಿಯೂ ಉಳಿದ ವಿಷಗಾಳಿ ಕಾರಿನ ಹೊಟ್ಟೆಯಡಿ ಇರುವ ಒಂದು ಡಬ್ಬಿಯ ಮೂಲಕ ಹಾಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಅಂತ. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತು, ಅದಕ್ಕೆ ಪ್ಲಾಟಿನಮ್ ಲೇಪ. ಡಬ್ಬಿ ಕೆಂಡದ ಒಲೆಯ ಹಾಗೆ ಕಾದಿದ್ದರೇ ವಿಷ ಮುರಿಯುವುದು. ಇಷ್ಟನ್ನೂ ಟೀ ಅಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆ ಪಂಕ್ತಿಯಲ್ಲಿ ಹೇಳಿದ್ದೇನೆ. ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು.

ಆ ಜನವರಿಯಲ್ಲಿ ಅರಸೀಕೆರೆಯ ಅವಳ ಅಕ್ಕನ ಮನೆಗೆ ಹೊರಟಿದ್ದೆವು. ಬೆಳಗ್ಗೆಯೇ ಅವಳಿಗೆ ಸ್ವಲ್ಪ ಏದುಸಿರಿತ್ತು. ಹಳೇಬೀಡು ದಾಟಿ ಸುಮಾರು ದೂರ ಹೋಗುವಷ್ಟರಲ್ಲಿ ಟಾರು ರಸ್ತೆಯ ತುಂಬ ಒಣ ಹುರುಳಿ ಬಳ್ಳಿ ಹರಡಿದ್ದರು. ಒಕ್ಕಣೆಗೆ ನಮ್ಮ ಕಡೆ ರಸ್ತೆಯೇ ಕಣ. ಬಸ್ಸು ಲಾರಿ ಮೇಲೆ ಹಾದರೆ ಕಾಳು ಬಿಡುತ್ತದೆ, ಎತ್ತು ಕಟ್ಟಿ ತುಳಿಸುವ ಕೆಲಸ ತಪ್ಪುತ್ತದೆ.

"ರೀ, ಪಕ್ಕದಲ್ಲಿ ತಗೊಳ್ಳಿ," ಎಂದಳು.

ಪಕ್ಕದಲ್ಲಿ ಜಾಲಿ ಮುಳ್ಳು. ಹೊಸ ಬಣ್ಣಕ್ಕೆ ಗೀರು ಬೀಳುತ್ತದೆಂದು ನಡುವೆಯೇ ನುಗ್ಗಿಸಿದೆ. ಒಂದಾದ ಮೇಲೊಂದು ನಾಲ್ಕೈದು ಕಣ ದಾಟಿದೆವು. ಅಡಿಯಲ್ಲಿ ಬಳ್ಳಿ ಸಿಕ್ಕಿಕೊಂಡು ಕರಕರ ಎನ್ನುತ್ತಿತ್ತು.

"ಏನೋ ಸುಟ್ಟ ವಾಸನೆ ಬರ್ತಿದೆ," ಎಂದು ಅವಳು ಗಾಜು ಇಳಿಸಿದಳು.

"ಹೊರಗಡೆಯದ್ದು ಕಣೇ. ಈ ಕಾರಲ್ಲಿ ಹೊಗೆ ಬರೋಕೆ ಚಾನ್ಸೇ ಇಲ್ಲ," ಎಂದು ಗಾಜು ಏರಿಸಿ ಏಸಿ ಹಾಕಿದೆ. ಮತ್ತೆ ಪಾಠ ಶುರುಮಾಡಿದ್ದೆ. ಜೇನುಗೂಡಿನ ತನಕ ಬಂದಿದ್ದೆನೇನೋ, ಅವಳಿಗೆ ಉಸಿರು ಕಟ್ಟಿತು. ಬಾಯಿಗಿಟ್ಟು ಎಳೆದುಕೊಳ್ಳುವ ಉಬ್ಬಸದ ಪಂಪು ತೆಗೆದುಕೊಳ್ಳಲಿ ಎಂದು ಅಲ್ಲೇ ನಿಲ್ಲಿಸಿದೆ, ಇನ್ನೊಂದು ಕಣದ ನಟ್ಟನಡುವೆ. ಅವಳಿಗೆ ತಂಪು ಇರಲಿ ಎಂದು ಎಂಜಿನ್ ಆರಿಸಲಿಲ್ಲ.

ಅವಳು ಬ್ಯಾಗಿಗೆ ಕೈ ಹಾಕಿದ್ದಳು. ಕೋಲು ಹಿಡಿದು ಬಳ್ಳಿ ಮಗುಚುತ್ತಿದ್ದ ಹೆಂಗಸೊಬ್ಬಳು ಕೂಗುತ್ತಾ ಓಡಿಬಂದಳು. "ಅಯ್ಯೋ ಸಾಮಿ, ಇಳೀರಿ! ಕಾರ್ ಕೆಳ್ಗೆ ಉರಿ ಹತ್ತೈತೆ!"

ನಾನು ಪಾಠ ಹೇಳುತ್ತಿದ್ದ ಆ ಕಾದ ಡಬ್ಬಿಗೇ ಬಳ್ಳಿ ಸಿಕ್ಕಿ ಹೊತ್ತಿಕೊಂಡಿತ್ತು. ಬಾಗಿಲು ತೆಗೆದವಳು ಆ ಹೆಂಗಸು, ನನ್ನ ಹೆಂಡತಿಯ ರಟ್ಟೆ ಹಿಡಿದು ಎಳೆದವಳೂ ಅವಳೇ. ನಾನು ಇಳಿಯುವಷ್ಟರಲ್ಲಿ ಉರಿ ಚಕ್ರದ ಎತ್ತರಕ್ಕೆ ಬಂದಿತ್ತು. ಬ್ಯಾಗು ಸೀಟಿನ ಮೇಲೇ ಉಳಿಯಿತು, ಅದರಲ್ಲಿ ಪಂಪು. ಕಣದಲ್ಲಿದ್ದ ಗಂಡಸರು ಹಸಿ ಸೊಪ್ಪಿನಲ್ಲಿ ಬಡಿದರು, ಮಣ್ಣು ಎರಚಿದರು. ಹುರುಳಿಯೂ ಹೋಯಿತು, ಕಾರೂ ಹೋಯಿತು.

ಹೆಂಡತಿಯನ್ನು ಎತ್ತಿಕೊಂಡು ನಾನು ಓಡಿದ್ದು ಹೊಗೆ ಹೋಗುತ್ತಿದ್ದ ಕಡೆಗೇ. "ಗಾಳಿ ಅತ್ಲಾಗ್ ಬೀಸ್ತಾ ಐತೆ, ಇತ್ಲಾಗ್ ಕರ್ಕಂಡ್ ಬನ್ನಿ!" ಎಂದು ಆ ಹೆಂಗಸು ಗದರಿದಳು. ನೆಲದ ಮೇಲೆ ಮಲಗಿಸಹೋದೆ. "ಮಲಗಿಸ್‌ಬ್ಯಾಡಿ, ಉಸ್ರು ಕಟ್ತೈತೆ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಅವಳನ್ನು ಕೂರಿಸಿ ತನ್ನ ಎದೆಗೆ ಒರಗಿಸಿಕೊಂಡಳು. ನನ್ನ ಹೆಂಡತಿಯ ತುಟಿ ನೀಲಿಗಟ್ಟಿತ್ತು. ಕತ್ತಿನ ನರಗಳು ಉಬ್ಬಿ, ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ನಾನು ರಸ್ತೆಯ ನಡುವೆ ನಿಂತು ಯಾರಾದರೂ ಬನ್ನಿ ಎಂದು ಅರಚುತ್ತಿದ್ದೆ. ಮೂವತ್ತು ವರ್ಷದ ಓದು ಒಂದು ಉಸಿರಿಗೂ ಆಗಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಕೊನೆಗೆ ತೆಂಗಿನಕಾಯಿ ತುಂಬಿದ ಟೆಂಪೋ ಬಂತು, ಹಿಂದೆ ಕರೀ ಹೊಗೆ ಬಿಡುತ್ತಾ. ಡ್ರೈವರ್ ಒಂದು ಮಾತೂ ಕೇಳದೆ ಮುಂದಿನ ಸೀಟು ಬಿಟ್ಟುಕೊಟ್ಟ. ಆ ಹೆಂಗಸು ಸುಟ್ಟ ಹುರುಳಿಯ ಕಡೆ ಒಮ್ಮೆ ನೋಡಿ, ತಾನೂ ಹತ್ತಿದಳು. ನನ್ನ ಹೆಂಡತಿಯನ್ನು ಹಾಗೆ ಒರಗಿಸಿ ಹಿಡಿದುಕೊಳ್ಳಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ನಾನು ಹಿಂದೆ ಕಾಯಿಗಳ ಮೇಲೆ ಕೂತು, ಡ್ರೈವರ್ ಸೀಟಿನ ಹಿಂದಿನ ಗಾಜಿನೊಳಗಿಂದ ಹೆಂಡತಿಯ ಭುಜ ಏಳುತ್ತಿದೆಯೇ ಎಂದು ನೋಡುತ್ತಾ ಅರಸೀಕೆರೆ ಮುಟ್ಟಿದೆ. ಎರಡು ಸಲ ಏಳಲಿಲ್ಲ ಅನ್ನಿಸಿತು. ಎರಡು ಸಲವೂ ಗಾಜು ಬಡಿದೆ. ಆ ಹೆಂಗಸು ತಿರುಗಿ, ನನ್ನ ಮೇಲೆ ಕರುಣೆಯಿಟ್ಟು, ಉಸ್ರು ಐತೆ ಎಂದು ತಲೆಯಾಡಿಸಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯ ಮೇಲೆ ತುಟಿಗೆ ಬಣ್ಣ ಬಂತು. ನಾನು ಕಾರಿಡಾರಿನಲ್ಲಿ ಮಗುವಿನ ಹಾಗೆ ಅತ್ತೆ.

ನರ್ಸ್ ಬಂದು, "ಗುಂಪು ಸೇರಬೇಡಿ, ಜೊತೆಗೆ ಒಬ್ರೇ ಇರಿ," ಎಂದಳು. ಇರುವುದು ನಾನೇ ಎಂದುಕೊಂಡು ಮಂಚದ ಹತ್ತಿರ ಹೋದೆ. ಹೆಂಡತಿ ಕೈಯೆತ್ತಿದಳು. ನನ್ನನ್ನು ಕರೆಯುತ್ತಿದ್ದಾಳೆಂದು ಬಾಗಿದೆ. ಅವಳು ಮಾಸ್ಕ್ ಸರಿಸಿ, ಆ ಹೆಂಗಸಿನ ಸೆರಗು ಬಿಡದೆ, ಬಹಳ ಹೊತ್ತಿನ ಮೇಲೆ ಮೊದಲ ಮಾತು ಆಡಿದಳು.

"ನೀವು ಬೇಡ."

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಬೇಡ ಎನ್ನುವಷ್ಟು ಮೆಲ್ಲಗೆ ಹೇಳಿದಳು. ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ.