ಹಸಿರು ಗುಂಡಿ ಒತ್ತಿದವಳು ನಾನು

ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಎಡಗೈ ಹೇಗೋ ತಿರುಗಿ ಬಂತು. ಅಂದಿನಿಂದ ದಿನಾ ಬೆಳಿಗ್ಗೆ ರಕ್ತದೊತ್ತಡದ ಗುಳಿಗೆ ಒಂದು. ಅದು ತಪ್ಪಿದರೆ ಮತ್ತೆ ಹೊಡೆಯುತ್ತದೆ, ಆಗ ಏಳುವುದು ಕಷ್ಟ ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದ್ದರು.

ಸೊಸೆ ನವನಗರದ ಸಾಲೆಯಲ್ಲಿ ಕಲಿಸುತ್ತಾಳೆ. ಗೋಪನಕೊಪ್ಪದ ಮನೆಯಿಂದ ಎಂಟಕ್ಕೇ ಹೊರಡುವವಳು. ಅವಳೇ ನನ್ನ ಫೋನಿನಲ್ಲಿ ಗಂಟೆ ಇಟ್ಟುಕೊಟ್ಟಳು. ಎಂಟೂವರೆಗೆ ಬಾರಿಸುತ್ತದೆ. ಅವರು ನುಂಗಿದ ಮೇಲೆ ನಾನು ಹಸಿರು ಗುಂಡಿ ಒತ್ತಿದರೆ ಅವಳ ಫೋನಿಗೆ ಸುದ್ದಿ ಹೋಗುತ್ತದೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಆದರೂ ಹಸಿರು ಯಾವುದು ಎಂದು ಗೊತ್ತಾಗುತ್ತದೆ.

ಎಂಟೂವರೆಗೆ ಅವರು ಲಿಂಗಪೂಜೆಗೆ ಕುಳಿತಿರುತ್ತಾರೆ. ಪೂಜೆ ಮುಗಿಯುವ ತನಕ ಹನಿ ನೀರೂ ಬಾಯಿಗೆ ಹಾಕುವವರಲ್ಲ, ಮಾತೂ ಇಲ್ಲ. ಎಡ ಅಂಗೈಯಲ್ಲಿ ಲಿಂಗ, ಇತ್ತ ಫೋನು ಒದರುತ್ತದೆ. ನನ್ನತ್ತ ಕಣ್ಣು ಬಿಡುತ್ತಾರೆ. ಬೇರೆ ಎಲ್ಲಿ ಒತ್ತಿದರೂ ಐದು ನಿಮಿಷಕ್ಕೆ ಮತ್ತೆ ಒದರುವುದು. ಹಸಿರು ಒತ್ತಿದರೆ ಪೂರ್ತಿ ಸುಮ್ಮನಾಗುವುದು. ನಾನು ಹಸಿರನ್ನೇ ಒತ್ತತೊಡಗಿದೆ. ಪೂಜೆ ಮುಗಿದ ಮೇಲೆ ಕೊಟ್ಟರಾಯಿತು ಎಂದುಕೊಂಡೆ. ಮೊದಮೊದಲು ಕೊಟ್ಟೆ. ಆಮೇಲಾಮೇಲೆ ರೊಟ್ಟಿ ಬಡಿಯುವುದರಲ್ಲಿ ಮರೆಯತೊಡಗಿದೆ.

ಆ ಸೋಮವಾರವೂ ಗಂಟೆ ಬಾರಿಸಿತು, ಒತ್ತಿದೆ. ತಿರುಗಿ ನೋಡಿದರೆ ಅವರ ಅಂಗೈ ವಾಲುತ್ತಿತ್ತು. ಹೂವು ಮಡಿಲಿಗೆ ಬಿದ್ದಿತ್ತು. ಲಿಂಗ ಜಾರದಂತೆ ಬಲಗೈ ಕೊಟ್ಟು ಹಿಡಿದಿದ್ದರು.

"ಏನಾತ್ರಿ?"

"ಏನಿಲ್ಲ. ಕೈ ಜುಮ್ ಅಂತು."

ಪೂಜೆಯ ನಡುವೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ನಾಲಿಗೆ ತೊದಲುತ್ತಿತ್ತು. ಓಡಿಹೋಗಿ ಗುಳಿಗೆಯ ಪಟ್ಟಿ ತೆಗೆದೆ. ಖಾಲಿಯಾಗಿರಬೇಕಾದ ಪಟ್ಟಿಯಲ್ಲಿ ಇನ್ನೂ ಆರು ಕುಳಿತಿದ್ದವು. ಸೊಸೆಗೆ ಫೋನು ಮಾಡಿದೆ.

"ಅತ್ತಿ, ಈಗಷ್ಟ ಹಸಿರು ಬಂತಲ್ರಿ. ಮಾವಾರು ತಗೊಂಡಾರಲ್ಲ?"

"ತಗೊಂಡಿಲ್ಲ. ಆರು ಗುಳಗಿ ಹಂಗ ಅದಾವ. ಸುಮ್ಮನ ಒತ್ತಿದಾಕಿ ನಾನ. ಅವರ ಕೈ ವಾಲಾಕತ್ತೈತಿ. ಈಗ ಎರಡು ಕೂಡಿಸಿ ಕೊಡ್ಲೇನು?"

ಅವಳು ಬೈಯಲಿಲ್ಲ. "ಏನೂ ಕೊಡಬ್ಯಾಡ್ರಿ, ನೀರೂ ಬ್ಯಾಡ. ಲಗೂನ ಆಟೋ ಹಿಡದು ದವಾಖಾನಿಗೆ ನಡೀರಿ. ನಾ ಅಲ್ಲೇ ಬರ್ತೇನಿ."

ಅವರು ಏಳಲೊಲ್ಲರು. "ಪೂಜಿ ಮುಗೀಲಿ."

"ಕೊರಳಾಗ ಕಟಗೊಂಡು ಏಳ್ರಿ. ಶಿವಗ ಬ್ಯಾರೆ ಆಟೋ ಬೇಕಾಗಿಲ್ಲ, ನಿಮ್ಮ ಕೂಡನ ಬರ್ತಾನ."

ನಾನೇ ಲಿಂಗವನ್ನು ಕರಡಿಗೆಯಲ್ಲಿಟ್ಟು ಅವರ ಕೊರಳಿಗೆ ಕಟ್ಟಿದೆ. ಆಟೋದಲ್ಲಿ ಅವರ ಎಡಗೈಗೆ ನನ್ನ ಬೆರಳು ಕೊಟ್ಟು, ಹಿಡೀರಿ, ಹಿಡೀರಿ ಎನ್ನುತ್ತಾ ಹೋದೆ. ಹಿಡಿತ ಸಡಿಲವಾಗುತ್ತಲೇ ಹೋಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಅವರ ಕೈ ತಾನಾಗಿ ಜಾರಿಬಿತ್ತು.

ಗುಳಿಗೆ ಹೇಗೆ ತಪ್ಪಿತು ಎಂದು ಡಾಕ್ಟರು ಕೇಳಿದರು. ಸೊಸೆ ಬಾಯಿ ತೆಗೆಯುವ ಮೊದಲೇ ನಡೆದದ್ದನ್ನು ನಾನೇ ಹೇಳಿದೆ. ತಪ್ಪನ್ನು ಫೋನಿನ ಮೇಲೆ ಹಾಕಲಿಲ್ಲ. ಫೋನು ಕೇಳಿದ್ದಕ್ಕೆ ಸುಳ್ಳು ಹೇಳಿದವಳು ನಾನು.

ನಾಲ್ಕು ದಿನದ ಮೇಲೆ ಮನೆಗೆ ಬಂದರು. ಗಂಟೆ ಈಗ ಒಂಬತ್ತೂವರೆಗೆ, ಪೂಜೆ ಮುಗಿದ ಮೇಲೆ. ಅವರು ನುಂಗಿ, ನಾಲಿಗೆ ಎತ್ತಿ ತೋರಿಸುವ ತನಕ ನಾನು ಗುಂಡಿ ಮುಟ್ಟುವುದಿಲ್ಲ.

"ನಾ ಏನ್ ಸಣ್ಣ ಕೂಸೇನು?" ಎನ್ನುತ್ತಾರೆ.

"ಬಾಯಿ ತೆಗೀರಿ."

ಎಡಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಪೂಜೆಗೆ ಕುಳಿತಾಗ ಕೆಳಗೆ ಬಲಗೈ ಕೊಟ್ಟುಕೊಳ್ಳುತ್ತಾರೆ.