ಮಾತು ಬಾರದ ಪರದೆ

ಸೊಸೆಗೆ ಹುಟ್ಟಿನಿಂದಲೇ ಕಣ್ಣು ಕಾಣಿಸುತ್ತಿರಲಿಲ್ಲ. ಆದರೂ ಬೀದಿಬದಿಯ ಮುಂಗೋಣೆಯಲ್ಲಿ ಅವಳದೇ ಒಂದು ಪುಟ್ಟ ಮುದ್ರಣಾಲಯವಿತ್ತು. ಅಂಧ ಮಕ್ಕಳ ಶಾಲೆಗೆ ಬ್ರೈಲ್ ಪುಸ್ತಕಗಳನ್ನು, ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕೆಗಳಾಗಿ, ಅಚ್ಚು ಹಾಕಿಕೊಡುವುದು ಅವಳ ಕಸುಬು. ಪರದೆಯಲ್ಲಿದ್ದುದನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅವಳು ಕೀಲಿಗಳ ಮೇಲೆ ಬೆರಳಾಡಿಸುತ್ತ ಅದರೊಂದಿಗೆ ಜಗಳವನ್ನೂ ಆಡುತ್ತಿದ್ದಳು.

ಅತ್ತೆ ಪಾರ್ಸೆಲ್ ಆಫೀಸಿನಲ್ಲಿ ವಿಳಾಸ ನೋಡಿ ಮೂಟೆ ವಿಂಗಡಿಸಿ ನಿವೃತ್ತರಾದವರು. ಆ ಯಂತ್ರವೆಂದರೆ ಅವರಿಗೆ ಅಷ್ಟಕ್ಕಷ್ಟೆ. "ಮನೇಲಿ ನನ್ನ ಬಾಯಿ ಸಾಲದು ಅಂತ ಇದೊಂದು" ಎನ್ನುತ್ತಿದ್ದರು.

ಒಮ್ಮೆ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಒಳಗಿನ ಮದರ್‌ಬೋರ್ಡ್ ಬದಲಿಸಿ ತಂದಿಟ್ಟು ಹೋದ. ಆನ್ ಮಾಡಿದರೆ ಫ್ಯಾನೇನೋ ತಿರುಗಿತು, ಯಂತ್ರ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಫೋನು ಮಾಡಿದರೆ ರಿಪೇರಿಯವನು ಎತ್ತಲಿಲ್ಲ.

"ಅತ್ತೆ, ಸ್ವಲ್ಪ ಬರ್ತೀರಾ? ಪರದೇಲಿ ಏನಿದೆ ಓದಿ."

"ಬೂಟ್ ಮಾಡೋಕೆ ಏನೂ ಸಿಗಲಿಲ್ಲ ಅಂತಿದೆ. ನಿನ್ನ ಪುಸ್ತಕ ಎಲ್ಲ ನೀರುಪಾಲಾಯ್ತೇನೆ?"

ಸೊಸೆ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವಳ ಮುಖ ಸಡಿಲವಾಯಿತು.

"ಇಲ್ಲ ಅತ್ತೆ, ಡಿಸ್ಕಲ್ಲಿ ಎಲ್ಲ ಇದ್ದಲ್ಲೇ ಇದೆ. ಆನ್ ಮಾಡಿದಾಗ ಮೊದಲು ಏಳೋದು ಬೋರ್ಡಲ್ಲಿರೋ ಫರ್ಮ್‌ವೇರ್ ಅನ್ನೋ ಪುಟ್ಟ ಪ್ರೋಗ್ರಾಮ್. ಅದು ಬೂಟ್ ಲೋಡರ್ ಅನ್ನೋ ಫೈಲನ್ನ ಹುಡುಕಿ ಎಬ್ಬಿಸುತ್ತೆ, ಬೂಟ್ ಲೋಡರ್ ಉಳಿದದ್ದನ್ನೆಲ್ಲ ಎಬ್ಬಿಸುತ್ತೆ. ಆ ಫೈಲ್ ಎಲ್ಲಿದೆ ಅನ್ನೋದು ಬೋರ್ಡಲ್ಲೇ ಬರೆದಿರುತ್ತೆ. ಹಳೇ ಬೋರ್ಡ್ ಜೊತೆ ಅದೂ ಹೋಯ್ತು."

"ಹೊಸದಕ್ಕೆ ವಿಳಾಸ ಗೊತ್ತಿಲ್ಲ ಅನ್ನು."

"ಹೂಂ. ಗೊತ್ತಿಲ್ಲದಿದ್ರೆ ಒಂದು ಮಾಮೂಲಿ ಜಾಗದಲ್ಲಿ ಹುಡುಕುತ್ತೆ, ಅಲ್ಲಿ ನಮ್ಮದು ಇಲ್ಲ. ನಾವೇ ಬರೆಸಬೇಕು. ಆದರೆ ಓದೋ ದನಿ ಬರೋದು ಎಲ್ಲ ಎದ್ದ ಮೇಲೆ. ಈಗ ನೀವೇ ನನ್ನ ದನಿ."

ಅತ್ತೆ ಕನ್ನಡಕ ಒರೆಸಿಕೊಂಡು ಕುರ್ಚಿ ಎಳೆದು ಕೂತರು. ಸೊಸೆ ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ಒಂದು ಗುಂಡಿಯನ್ನು ಟಕಟಕ ಒತ್ತಿ ಫರ್ಮ್‌ವೇರಿನ ಪುಟ ತೆರೆದಳು. ಅತ್ತೆ ಒಂದೊಂದೇ ಸಾಲು ಓದಿದರು. ಒಮ್ಮೆ ಅವಸರದಲ್ಲಿ ಸಾಲು ತಪ್ಪಿ ಗಡಿಯಾರದ ಪುಟಕ್ಕೆ ಹೋಗಿ, ಇಬ್ಬರೂ ನಕ್ಕು ಹಿಂದೆ ಬಂದರು. ಕೊನೆಗೆ ಹೊಸ ಬೂಟ್ ದಾಖಲೆ ಸೇರಿಸುವ ಜಾಗ ಸಿಕ್ಕಿತು.

"ಮೊದಲು ಡಿಸ್ಕು, ಆಮೇಲೆ ಫೋಲ್ಡರು, ಆಮೇಲೆ ಫೈಲು" ಎಂದಳು ಸೊಸೆ.

"ಊರು, ಬೀದಿ, ಮನೆ. ಇಷ್ಟೇ ತಾನೆ? ಇಡೀ ಜನ್ಮ ಇದನ್ನೇ ಮಾಡಿದ್ದೀನಿ!"

ಫೈಲು ಸಿಕ್ಕಿತು. ಅದಕ್ಕೊಂದು ಹೆಸರು ಕೊಟ್ಟು, ಪಟ್ಟಿಯ ತಲೆಗೆ ಏರಿಸಿ, ಉಳಿಸಿದರು. ಕಂಪ್ಯೂಟರ್ ಆರಿ ಹತ್ತಿತು.

"ಸ್ವಾಗತ" ಎಂದಿತು ಯಂತ್ರ.

"ಬಂದಳಪ್ಪಾ ಬಾಯಿಬಡುಕಿ!" ಎಂದು ಅತ್ತೆ ಸೊಸೆಯ ಬೆನ್ನಿಗೊಂದು ಗುದ್ದಿದರು.

ಇನ್ನೊಮ್ಮೆ ಬೋರ್ಡ್ ಹೋದರೂ ತೊಂದರೆಯಾಗದಿರಲೆಂದು ಸೊಸೆ ಆ ಫೈಲಿನ ಒಂದು ಪ್ರತಿಯನ್ನು ಫರ್ಮ್‌ವೇರ್ ಹುಡುಕುವ ಮಾಮೂಲಿ ಜಾಗದಲ್ಲೂ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಬ್ರೈಲ್ ಪ್ರಿಂಟರ್ ಕೋಣೆ ನಡುಗುವಂತೆ ಕುಟ್ಟತೊಡಗಿತ್ತು. ಅತ್ತೆ ಎದ್ದು ಹೋಗಲಿಲ್ಲ. ಹಾಳೆಗಳನ್ನು ಜೋಡಿಸುತ್ತ, ಕಣ್ಣು ಮುಚ್ಚಿ ಒಂದರ ಮೇಲೆ ಬೆರಳಾಡಿಸಿದರು.

"ಸಾಸಿವೆ ಚೆಲ್ಲಿದ ಹಾಗಿದೆ ಕಣೆ."

ಸೊಸೆ ಅವರ ಬೆರಳು ಹಿಡಿದು ಒಂದು ಚುಕ್ಕೆಯ ಮೇಲಿಟ್ಟಳು. "ಇದು 'ಅ', ಅತ್ತೆ."

"ಒಂದೇ ಚುಕ್ಕೆ? ಇಷ್ಟು ಸುಲಭಾನಾ?"

"ಅದೊಂದೇ ಸುಲಭ" ಎಂದು ಸೊಸೆ ನಕ್ಕಳು.