ಗ್ಯಾರೇಜ್ ಸೇರಿದ ಕರಿಗಡಬು

ನಳಿನಿ ಜನ್ಮದಲ್ಲಿ ಒಂದು ಗುಟುಕು ವಿಸ್ಕಿ ನುಂಗಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಡ್ಯಾಲಸ್‌ನಿಂದ ಹ್ಯೂಸ್ಟನ್‌ವರೆಗೆ ನಮ್ಮ ಜನ ಅವಳ ಬೆನ್ನ ಹಿಂದೆ ಆಡಿಕೊಳ್ಳುವುದೇ ಬೇರೆ.

ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಆಸ್ಟಿನ್‌ಗೆ ಮೇಲಿನ ಓದಿಗೆ ಬಂದವಳು ಅವಳು. ಈಗ ಜಾರ್ಜ್‌ಟೌನ್ ಹೊರಗಿನ ಒಂದು ಸಣ್ಣ ವಿಸ್ಕಿ ಕಾರ್ಖಾನೆಯಲ್ಲಿ ಪೀಪಾಯಿಗಳ ಉಗ್ರಾಣ ಅವಳ ಸುಪರ್ದಿಯಲ್ಲಿದೆ. ಯಾವುದು ಮಾಗಿದೆ, ಯಾವುದು ಇನ್ನೂ ಹಸಿ ಎಂದು ಮೂಸಿ, ನಾಲಿಗೆಗೆ ಸೋಕಿಸಿ, ಉಗುಳಿ ಹೇಳುವುದು ಅವಳ ಕೆಲಸ.

ಆ ಕೆಲಸದ ಮೇಲೆ ಅವಳಿಗೆ ಪ್ರಾಣ. ಕೇಳಿದರೆ ಸಾಕು, ಕಥೆ ಶುರು. ಐರ್ಲೆಂಡು, ಸ್ಕಾಟ್ಲೆಂಡುಗಳ ಸನ್ಯಾಸಿಗಳು ಔಷಧವೆಂದು ಭಟ್ಟಿ ಇಳಿಸಿ ಅದನ್ನು ‘ಬದುಕಿನ ನೀರು’ ಎಂದರಂತೆ. ಆಗ ಅದು ನೀರಿನಷ್ಟೇ ತಿಳಿ, ಗಂಟಲು ಸುಡುವಷ್ಟು ಒರಟು. ಇಳಿಸಿದ ಹಾಗೆಯೇ ಕುಡಿಯುತ್ತಿದ್ದರು. ಮರದ ಪೀಪಾಯಿ ಬಂದದ್ದು ಸಾಗಿಸಲಿಕ್ಕೆ, ಮಾಗಿಸಲಿಕ್ಕಲ್ಲ. ಬಹಳ ಕಾಲ ಉಳಿದ ಪೀಪಾಯಿಗಳನ್ನು ತೆಗೆದಾಗ ಒರಟುತನ ಹೋಗಿ ಬಂಗಾರದ ಬಣ್ಣ ಬಂದಿತ್ತು. ಟೆಕ್ಸಾಸ್ ಬಿಸಿಲಿಗಂತೂ ಪೀಪಾಯಿಯ ಮರ ಬೇಗ ಬೇಗ ಹೀರುತ್ತದೆ, ಬಿಡುತ್ತದೆ. ಪ್ರತಿ ವರ್ಷ ಒಂದಷ್ಟು ಆವಿಯಾಗಿ ಹೋಗುತ್ತದೆ. ಅದಕ್ಕೆ ಕಸುಬಿನವರ ಹೆಸರು ‘ದೇವತೆಗಳ ಪಾಲು’.

ಗಣೇಶನ ಹಬ್ಬಕ್ಕೆ ಡ್ಯಾಲಸ್ ಪಕ್ಕದ ಕ್ಯಾರಲ್ಟನ್‌ನ ಕೋಕಿಲಾ ಕರೆದಿದ್ದಳು. ಮೈಸೂರಿನ ಈ ಕೋಕಿಲಾ ಮತ್ತು ನಳಿನಿ ಆಸ್ಟಿನ್‌ನಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದವರು, ಒಂದೇ ಕುಕ್ಕರಿನ ಅನ್ನ ಉಂಡವರು. ಬರುವವರೆಲ್ಲ ನೈವೇದ್ಯಕ್ಕೆ ಏನಾದರೂ ಮಾಡಿ ತರುವುದು ಆ ಮನೆಯ ಪದ್ಧತಿ. ನಳಿನಿ ರಜೆ ಹಾಕಿ, ತಲೆಗೆ ನೀರು ಹಾಕಿಕೊಂಡು, ಹೂರಣದ ರುಚಿ ಕೂಡ ನೋಡದೆ ಇಪ್ಪತ್ತೊಂದು ಕರಿಗಡಬು ಕರಿದಳು. ತನ್ನ ಕೈಯದು ಒಮ್ಮೆ ಆ ಗಣಪತಿಯ ಮುಂದೆ ಇರಬೇಕೆಂಬುದು ಅವಳ ಆಸೆ.

ಕೋಕಿಲಾ ಬಾಗಿಲಲ್ಲೇ ಡಬ್ಬಿ ಇಸಕೊಂಡಳು. ಮಂಗಳಾರತಿಯ ಹೊತ್ತಿಗೆ ನಳಿನಿ ಕತ್ತು ಚಾಚಿ ನೋಡಿದರೆ ಗಣಪತಿಯ ಮುಂದೆ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯ ಲಾಡು ಕೂತಿತ್ತು. ಅವಳ ಕಡಬು ಇರಲಿಲ್ಲ.

“ನನ್ನ ಡಬ್ಬಿ ಎಲ್ಲೈತಿ?”

“ಬೇಜಾರು ಮಾಡ್ಕೋಬೇಡ ಕಣೇ,” ಕೋಕಿಲಾ ದನಿ ತಗ್ಗಿಸಿದಳು. “ನೀನು ದಿನಾ ಆ ಹೆಂಡದಲ್ಲೇ ಕೈ ಅದ್ದೋಳು. ಆ ಕೈಯಿಂದ ನೈವೇದ್ಯ ಅಂದ್ರೆ ನಾಲ್ಕು ಜನ ಏನಂತಾರೆ? ಅದಕ್ಕೇ ಗ್ಯಾರೇಜಲ್ಲಿ ಇಟ್ಟಿದ್ದೀನಿ.”

ನಳಿನಿ ಗ್ಯಾರೇಜಿನ ಬಾಗಿಲು ತಳ್ಳಿದಳು. ಆ ನಾಲ್ಕು ಜನ ಅಲ್ಲೇ ಇದ್ದರು! ಎರಡು ಕಾರುಗಳ ನಡುವೆ ಮಡಚುವ ಕುರ್ಚಿ, ಮಕ್ಕಳು ಮಜ್ಜಿಗೆ ಅಂದುಕೊಳ್ಳಲಿ ಎಂದು ಸ್ಟೀಲ್ ಲೋಟ, ಲೋಟದಲ್ಲಿ ವಿಸ್ಕಿ. ಮಧ್ಯದಲ್ಲಿ ಅವಳ ಡಬ್ಬಿ, ಮುಚ್ಚಳ ತೆಗೆದು, ಮುಕ್ಕಾಲು ಖಾಲಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದರೆ ಇದೇ.

“ಬಾ ನಳಿನಿ, ಕಡುಬು ಸೂಪರ್! ಇದಕ್ಕೆ ಒಳ್ಳೇ ಸೈಡ್ಸು,” ಎಂದ ಕೋಕಿಲಾಳ ಗಂಡ ದುಷ್ಯಂತ್, ಬಾಯಿ ತುಂಬ ಹೂರಣ. ಬಾಟಲಿ ಎತ್ತಿ ತೋರಿಸಿದ. “ಕೊಂಡಾಗ ಹನ್ನೆರಡು ವರ್ಷದ್ದು. ನಾನು ಬೀರುನಲ್ಲಿ ಇನ್ನೂ ಹನ್ನೆರಡು ವರ್ಷ ಇಟ್ಟೆ. ಈಗ ಇಪ್ಪತ್ನಾಲ್ಕು. ನೀನೇ ಹೇಳು, ಎಕ್ಸ್‌ಪರ್ಟು.”

ನಳಿನಿಗೆ ಸಿಟ್ಟು ನೆತ್ತಿಗೇರಿತು.

“ಇಪ್ಪತ್ನಾಲ್ಕಲ್ಲ, ಹನ್ನೆರಡ. ಬಾಟ್ಲಿಗೆ ಹಾಕಿ ಮುಚ್ಚಿದ ದಿನಾನ ಅದರ ವಯಸ್ಸು ನಿಂತೈತಿ. ಮಾಗಬೇಕಂದ್ರ ಕಟ್ಟಿಗಿ ಬೇಕು, ಗಾಳಿ ಬೇಕು. ಗಾಜಿನಾಗ ಮುಚ್ಚಿಟ್ಟಿದ್ದು ಯಾವ ದೇಶದಾಗ ಎಷ್ಟು ವರ್ಷ ಕುಂತ್ರೂ ಹಂಗ ಇರ್ತೈತಿ. ನಿಮ್ಮಂಗ.”

ಡಬ್ಬಿ ಎತ್ತಿಕೊಂಡು ನೇರ ಗಣಪತಿಯ ಮುಂದೆ ಬಂದಳು. ಕೋಕಿಲಾ ಓಡಿ ಬಂದು ಕೈ ಹಿಡಿದಳು. “ಸಾರಿ ಕಣೇ. ಕೊಡು, ಉಳಿದಿದ್ದನ್ನ ಈಗ್ಲೇ ಇಟ್ಬಿಡ್ತೀನಿ.”

“ಎಂಜಲಾ? ಗಣಪ್ಪಗ ಎಂಜಲ ಇಡ್ತಿ?” ನಳಿನಿಯ ದನಿಗೆ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಕೇಳ ಕೋಕಿಲಾ. ನನ್ನ ಪೀಪಾಯಿಯಿಂದ ದೇವತೆಗಳು ದಿನಾ ತಮ್ಮ ಪಾಲು ತಗೊಂಡು ಹೋಗ್ತಾರ. ಮೈಲಿಗಿ ಅಂತ ಒಬ್ರೂ ಅಂದಿಲ್ಲ. ಈ ಗಣಪ್ಪನೂ ಅಂದಿಲ್ಲ. ಅಂದಾಕಿ ನೀ. ಕುಕ್ಕರಿನಾಗ ಅನ್ನ ಮಾಡಿ ಹಾಕಿದ್ದೂ ಇದ ಕೈ.”

ಕೋಕಿಲಾಳ ಕಣ್ಣು ತುಂಬಿತು. ನಳಿನಿಯ ಕಣ್ಣೂ ತುಂಬಿತ್ತು, ಆದರೆ ಅವಳು ಒರೆಸಿಕೊಳ್ಳಲಿಲ್ಲ. ಡಬ್ಬಿಯನ್ನು ಗೆಳತಿಯ ಕೈಗಿಟ್ಟು, ಹೊಸ್ತಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು.

“ಮುಂದಿನ ವರ್ಷ ಗಣಪ್ಪ ನಮ್ಮ ಮನ್ಯಾಗ. ಎಲ್ಲಾರೂ ಬರ್ರಿ. ಕುಡಿಯೋರು ಗ್ಯಾರೇಜ್ ಹುಡುಕೋದು ಬ್ಯಾಡ. ಅಂವನ ಎದುರಿಗೇ ಕೂತು ಕುಡೀರಿ.”

ಅವಳ ಹಿಂದೆಯೇ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ದುಷ್ಯಂತ್ ಒಮ್ಮೆ ಗಣಪತಿಯ ಕಡೆ ನೋಡಿದ. ನೋಡಿ, ಸ್ಟೀಲ್ ಲೋಟವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.